ಜೀರ್ಣೋದ್ಧಾರವೋ, ಒಕ್ಕಲೆಬ್ಬಿಸುವಿಕೆಯೋ? ಬೆತ್ನಲ್ ಗ್ರೀನಿನ ವಸತಿ ಪುನರ್ನಿರ್ಮಾಣವೂ ಅದನ್ನು ಕುರಿತ ಒಂದು ಗ್ರಂಥವೂ

ಹಳೆಯ ದೇವಾಲಯವು ಶಿಥಿಲವಾದಾಗ ಅದನ್ನು ಮತ್ತೆ ಕಟ್ಟಿ ನಿಲ್ಲಿಸುವ ಕಾರ್ಯಕ್ಕೆ ನಮ್ಮಲ್ಲಿ ಜೀರ್ಣೋದ್ಧಾರವೆಂದು ಹೆಸರು. ಕೆಲಸ ನಡೆಯುವಷ್ಟು ಕಾಲವೂ ದೇವರ ಸಾನ್ನಿಧ್ಯವನ್ನು ಬಾಲಾಲಯವೆಂಬ ಚಿಕ್ಕ ಗುಡಿಗೆ ಬರಮಾಡಿಕೊಂಡು, ನಿತ್ಯಪೂಜೆಗೆ ಲೋಪ ಬಾರದಂತೆ ನೋಡಿಕೊಂಡು, ಕಟ್ಟಡ ಮುಗಿದ ಮೇಲೆ ಮೊದಲಿನ ಗರ್ಭಗೃಹದಲ್ಲಿಯೇ ಪುನಃ ಪ್ರತಿಷ್ಠಾಪಿಸುವುದು ಸಂಪ್ರದಾಯ. ಗೋಪುರವು ಎಷ್ಟೇ ಭವ್ಯವಾಗಿ ಎದ್ದು ನಿಂತರೂ ಒಳಗಿದ್ದ ಸಾನ್ನಿಧ್ಯವು ಹಿಂದಿರುಗಿ ಬಾರದಿದ್ದರೆ ಆ ಕಾರ್ಯವನ್ನು ಜೀರ್ಣೋದ್ಧಾರವೆಂದು ಯಾರೂ ಕರೆಯಲಾರರು. ಆದರೆ ನಗರಗಳಲ್ಲಿ ಹಾಳುಬಿದ್ದ ಕೇರಿಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟಿದ ಕಥೆಯನ್ನು ಬರೆದವರು ಈ ಸರಳವಾದ ಪರೀಕ್ಷೆಯನ್ನು ಉಪಯೋಗಿಸಿದ್ದು ಕಡಮೆ. ಎಷ್ಟು ಮನೆಗಳು ಎದ್ದವು, ಎಷ್ಟು ಹಣ ವೆಚ್ಚವಾಯಿತು, ಮರಣ ಪ್ರಮಾಣವು ಎಷ್ಟು ಇಳಿಯಿತು ಎಂಬ ಲೆಕ್ಕಗಳು ವರದಿಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಅಲ್ಲಿ ಮೊದಲು ಇದ್ದ ಜನರು ಎಲ್ಲಿ ಹೋದರು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಈ ಪ್ರಶ್ನೆಯನ್ನು ಮನೆಮನೆಗೆ ಹೋಗಿ ಕೇಳಿದ ಗ್ರಂಥಗಳಲ್ಲಿ ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್‌ಮಾಟ್ ಅವರು ೧೯೫೭ರಲ್ಲಿ ಪ್ರಕಟಿಸಿದ 'ಫ್ಯಾಮಿಲಿ ಅಂಡ್ ಕಿನ್‌ಶಿಪ್ ಇನ್ ಈಸ್ಟ್ ಲಂಡನ್' ಎಂಬುದಕ್ಕೆ ವಿಶೇಷ ಸ್ಥಾನವಿದೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಪಠ್ಯವಾಗಿ ಬಲ್ಲರು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಒಂದು ಆಕರವಾಗಿ ಓದಬೇಕೆಂಬುದೂ, ಆಕರಗಳನ್ನು ಓದುವಾಗ ಇರಬೇಕಾದ ಎಚ್ಚರಿಕೆಯನ್ನು ಇಲ್ಲಿಯೂ ಇಟ್ಟುಕೊಳ್ಳಬೇಕೆಂಬುದೂ ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಗ್ರಂಥಕ್ಕೆ ಅರವತ್ತು ವರ್ಷಗಳ ಹಿಂದೆ ಅದೇ ಸ್ಥಳದಲ್ಲಿ ನಡೆದ ಒಂದು ಘಟನೆಯನ್ನೂ, ಗ್ರಂಥ ಪ್ರಕಟವಾದ ಅನಂತರ ಅದೇ ಸ್ಥಳದಲ್ಲಿ ಎದ್ದ ಒಂದು ವಿವಾದವನ್ನೂ ಜೊತೆಗಿಟ್ಟು ನೋಡಬೇಕಾಗಿದೆ.

೧

ಬೆತ್ನಲ್ ಗ್ರೀನ್ ಎಂಬುದು ಲಂಡನ್ ನಗರದ ಪೂರ್ವ ಭಾಗದಲ್ಲಿರುವ ಪ್ರದೇಶ. ಫ್ರಾನ್ಸಿನಿಂದ ಮತೀಯ ಹಿಂಸೆಗೆ ಹೆದರಿ ಬಂದ ಹ್ಯೂಗೆನಾಟರು ಈ ಸುತ್ತಿನಲ್ಲಿ ರೇಷ್ಮೆ ನೇಯ್ಗೆಯನ್ನು ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನೇಯ್ಗೆ ಕ್ಷೀಣಿಸಿ, ಮರಗೆಲಸ, ಪಾದರಕ್ಷೆ ತಯಾರಿಕೆ, ಹಡಗುಕಟ್ಟೆಯ ಕೂಲಿ ಮುಂತಾದ ಕಸುಬುಗಳನ್ನು ನಂಬಿದ ಬಡಜನರು ಇಲ್ಲಿ ಕಿಕ್ಕಿರಿದು ತುಂಬಿಕೊಂಡರು. ಇದರ ಪಶ್ಚಿಮದ ಅಂಚಿನಲ್ಲಿದ್ದ ಓಲ್ಡ್ ನಿಕಲ್ ಎಂಬ ಕೇರಿಯು ಲಂಡನ್ನಿನ ಅತ್ಯಂತ ಹೀನವಾದ ಕೊಳೆಗೇರಿಯೆಂದು ಕುಖ್ಯಾತವಾಗಿತ್ತು. ಅಲ್ಲಿಯ ಮರಣ ಪ್ರಮಾಣವು ಬೆತ್ನಲ್ ಗ್ರೀನಿನ ಸರಾಸರಿಯ ಸುಮಾರು ಇಮ್ಮಡಿಯಾಗಿದ್ದಿತು. ಆರ್ಥರ್ ಮಾರಿಸನ್ ೧೮೯೬ರಲ್ಲಿ ಪ್ರಕಟಿಸಿದ 'ಎ ಚೈಲ್ಡ್ ಆಫ್ ದಿ ಜಾಗೊ' ಎಂಬ ಕಾದಂಬರಿಯು ಈ ಕೇರಿಯನ್ನು ಕಳ್ಳಕಾಕರ ಬಿಡಾರವೆಂಬಂತೆ ಚಿತ್ರಿಸಿತು. ಅಲ್ಲಿದ್ದವರಲ್ಲಿ ಬಹುಮಂದಿ ತಳ್ಳುಗಾಡಿಯ ಮೇಲೆ ಸರಕು ಮಾರುವವರು, ಮನೆಯಲ್ಲಿಯೇ ಬೆಂಕಿಪೆಟ್ಟಿಗೆ ಅಂಟಿಸುವವರು, ಮರಗೆಲಸದವರು ಎಂಬುದನ್ನು ಈಚೆಗೆ ಸಾರಾ ವೈಸ್ ಅವರು ೨೦೦೮ರ 'ದಿ ಬ್ಲ್ಯಾಕೆಸ್ಟ್ ಸ್ಟ್ರೀಟ್ಸ್' ಎಂಬ ಗ್ರಂಥದಲ್ಲಿ ದಾಖಲೆಗಳಿಂದ ತೋರಿಸಿಕೊಟ್ಟಿದ್ದಾರೆ. ಆ ಮುರುಕು ಮನೆಗಳ ಬಾಡಿಗೆಯನ್ನು ಉಣ್ಣುತ್ತಿದ್ದವರಲ್ಲಿ ಸ್ಥಳೀಯ ಆಡಳಿತ ಮಂಡಲಿಯ ಸದಸ್ಯರೂ ಇದ್ದರೆಂಬುದೂ ಆ ಗ್ರಂಥದಿಂದ ತಿಳಿದುಬರುತ್ತದೆ.

೧೮೮೯ರಲ್ಲಿ ಸ್ಥಾಪಿತವಾದ ಲಂಡನ್ ಕೌಂಟಿ ಕೌನ್ಸಿಲು ೧೮೯೦ರ ಕಾರ್ಮಿಕ ವಸತಿ ಶಾಸನದ ಬಲದಿಂದ ಈ ಕೇರಿಯನ್ನು ಸಂಪೂರ್ಣವಾಗಿ ಕೆಡವಿತು. ಕೆಡವಿದ ಮಣ್ಣುಕಲ್ಲನ್ನು ನಡುವೆ ದಿಬ್ಬವಾಗಿ ಒಟ್ಟಿ, ಅದರ ಸುತ್ತ ಮರಗಳನ್ನು ನೆಟ್ಟು, ಅಲ್ಲಿಂದ ಕಿರಣಗಳಂತೆ ಹೊರಡುವ ಬೀದಿಗಳ ಉದ್ದಕ್ಕೂ ಕೆಂಪು ಇಟ್ಟಿಗೆಯ ಮಹಡಿ ಮನೆಗಳನ್ನು ಕಟ್ಟಲಾಯಿತು. ಬೌಂಡರಿ ಎಸ್ಟೇಟ್ ಎಂಬ ಈ ಬಡಾವಣೆಯಲ್ಲಿ ಸಾವಿರಕ್ಕೂ ಮಿಕ್ಕ ವಸತಿಗಳಿದ್ದವು. ಅಂಗಡಿಗಳೂ ಕೆಲಸದ ಕೊಟ್ಟಿಗೆಗಳೂ ಬಟ್ಟೆ ಒಗೆಯುವ ಸಾಮೂಹಿಕ ಗೃಹವೂ ಇದ್ದವು. ೧೯೦೦ರಲ್ಲಿ ವೇಲ್ಸಿನ ರಾಜಕುಮಾರನು ಇದನ್ನು ಉದ್ಘಾಟಿಸಿದನು. ವಾಸ್ತುವಿನ ದೃಷ್ಟಿಯಿಂದ ಇದು ನಿಜವಾಗಿಯೂ ಸುಂದರವಾದ ಬಡಾವಣೆ. ಇಂದಿಗೂ ನಿಂತಿದೆ, ಇಂದಿಗೂ ಅಲ್ಲಿ ಜನರು ವಾಸಿಸುತ್ತಿದ್ದಾರೆ.

ಆದರೆ ಒಕ್ಕಲೆದ್ದವರು ಎಷ್ಟು ಮಂದಿ? ೫,೭೧೯. ಅವರಲ್ಲಿ ಹೊಸ ಮನೆಗಳಿಗೆ ಬಂದು ಸೇರಿದವರು ಎಷ್ಟು ಮಂದಿ? ಹನ್ನೊಂದು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೇರೆ ವ್ಯಾಖ್ಯಾನವೇ ಬೇಕಾಗುವುದಿಲ್ಲ. ಕೌನ್ಸಿಲಿನವರು ದುಷ್ಟರಾಗಿದ್ದರೆಂದು ಹೇಳುವುದಕ್ಕೆ ಆಧಾರವಿಲ್ಲ; ಅವರಲ್ಲಿ ಸುಧಾರಣೆಯ ಉತ್ಸಾಹವು ಪ್ರಾಮಾಣಿಕವಾಗಿಯೇ ಇದ್ದಿತು. ದೋಷವು ಶಾಸನವನ್ನು ರಚಿಸಿದ ರೀತಿಯಲ್ಲಿಯೇ ಅಡಗಿದ್ದಿತು. ಎಷ್ಟು ಮಂದಿಯನ್ನು ಎಬ್ಬಿಸಿದರೋ ಸುಮಾರಾಗಿ ಅಷ್ಟು ಮಂದಿ ಶ್ರಮಿಕರಿಗೆ ವಸತಿ ಕಲ್ಪಿಸಬೇಕೆಂದು ಶಾಸನವು ಹೇಳಿತೇ ಹೊರತು, ಯಾರನ್ನು ಎಬ್ಬಿಸಿದರೋ ಅವರಿಗೇ ಕಲ್ಪಿಸಬೇಕೆಂದು ಹೇಳಲಿಲ್ಲ. ಸಂಖ್ಯೆಗೆ ಸಂಖ್ಯೆ ಸರಿಹೋಯಿತು. ಮನುಷ್ಯರು ಮಾತ್ರ ಬದಲಾದರು. ಹೊಸ ಮನೆಗಳ ಬಾಡಿಗೆ ಹಳಬರ ಕೈಗೆ ಎಟುಕುವಂತಿರಲಿಲ್ಲ. ಕೆಡವುವುದಕ್ಕೂ ಕಟ್ಟುವುದಕ್ಕೂ ನಡುವೆ ವರ್ಷಗಳು ಉರುಳಿದವು. ಕಾಯುವ ಶಕ್ತಿಯಿಲ್ಲದ ಬಡವರು ನೆರೆಯ ಕೇರಿಗಳಲ್ಲಿ ಇದ್ದಬದ್ದ ಕೋಣೆಗಳನ್ನು ಹಿಡಿದು ಅಲ್ಲಿಯ ಇಕ್ಕಟ್ಟನ್ನು ಇನ್ನಷ್ಟು ಹೆಚ್ಚಿಸಿದರು. ಗುಮಾಸ್ತರು, ಪೋಲೀಸಿನವರು, ನುರಿತ ಕುಶಲಕರ್ಮಿಗಳು ಹೊಸ ಬಡಾವಣೆಗೆ ಬಂದರು. ಬಾಲಾಲಯವನ್ನು ಕಟ್ಟದೆಯೇ ಗುಡಿಯನ್ನು ಕೆಡವಿದರೆ ಆಗುವುದು ಹೀಗೆಯೇ.

೨

ಮುಂದಿನ ಅರ್ಧ ಶತಮಾನದಲ್ಲಿ ಬೆತ್ನಲ್ ಗ್ರೀನಿನ ಜನಸಂಖ್ಯೆಯು ಇಳಿಯುತ್ತ ಹೋಯಿತು. ೧೯೦೧ರಲ್ಲಿ ಸುಮಾರು ೧,೩೦,೦೦೦ ಇದ್ದುದು ೧೯೫೧ರ ವೇಳೆಗೆ ಸುಮಾರು ೫೮,೦೦೦ಕ್ಕೆ ಬಂದಿತು. ಎರಡನೆಯ ಮಹಾಯುದ್ಧದ ಬಾಂಬುಗಳು ಬೀದಿಗಳನ್ನೇ ಅಳಿಸಿಹಾಕಿದ್ದವು. ಯುದ್ಧದ ಬಳಿಕ ಕೌಂಟಿ ಕೌನ್ಸಿಲು ನಗರದ ಹೊರಗೆ ಎಸೆಕ್ಸ್ ಮುಂತಾದ ಕಡೆಗಳಲ್ಲಿ ಹೊಸ ಬಡಾವಣೆಗಳನ್ನು ರಚಿಸಿ ಪೂರ್ವ ಲಂಡನ್ನಿನ ಕುಟುಂಬಗಳನ್ನು ಅಲ್ಲಿಗೆ ಕಳುಹಿಸತೊಡಗಿತು. ಇಂಥ ಒಂದು ಬಡಾವಣೆಯಾದ ಡೆಬ್ಡನ್ ಎಂಬುದನ್ನೇ ಯಂಗ್ ಮತ್ತು ವಿಲ್‌ಮಾಟ್ ಅವರು ಗ್ರೀನ್‌ಲೀ ಎಂಬ ಕಲ್ಪಿತ ನಾಮದಿಂದ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ.

ಗ್ರಂಥಕರ್ತರಲ್ಲಿ ಮೈಕೆಲ್ ಯಂಗ್ ಅವರು ಲೇಬರ್ ಪಕ್ಷದ ಸಂಶೋಧನ ವಿಭಾಗದಲ್ಲಿದ್ದು ಆ ಪಕ್ಷದ ೧೯೪೫ರ ಚುನಾವಣಾ ಪ್ರಣಾಳಿಕೆಯನ್ನು ಸಿದ್ಧಪಡಿಸಿದವರು. ಯೋಜನೆಗಳನ್ನು ಮಾಡುವವರಿಗೂ ಯೋಜನೆಗೆ ಒಳಗಾಗುವವರಿಗೂ ನಡುವೆ ಬೆಳೆದ ಅಂತರವು ಅವರನ್ನು ಕಾಡಿತು. ೧೯೫೦ರ ದಶಕದ ಆದಿಭಾಗದಲ್ಲಿ ಅವರು ಬೆತ್ನಲ್ ಗ್ರೀನಿನಲ್ಲಿಯೇ ಇನ್‌ಸ್ಟಿಟ್ಯೂಟ್ ಆಫ್ ಕಮ್ಯೂನಿಟಿ ಸ್ಟಡೀಸ್ ಎಂಬ ಸಂಸ್ಥೆಯನ್ನು ತೆರೆದು ಪೀಟರ್ ವಿಲ್‌ಮಾಟ್ ಮೊದಲಾದವರೊಡನೆ ಕೆಲಸಕ್ಕೆ ತೊಡಗಿದರು. ಮತದಾರರ ಪಟ್ಟಿಯಿಂದ ಆರಿಸಿದ ೯೩೩ ಮಂದಿಯನ್ನು ಸಂದರ್ಶಿಸಿದುದಲ್ಲದೆ, ಬೆತ್ನಲ್ ಗ್ರೀನಿನ ೪೫ ದಂಪತಿಗಳನ್ನೂ ಗ್ರೀನ್‌ಲೀಗೆ ಹೋಗಿ ನೆಲೆಸಿದ ೪೭ ದಂಪತಿಗಳನ್ನೂ ಹೆಚ್ಚು ವಿವರವಾಗಿ ಮಾತನಾಡಿಸಿದರು. ಗ್ರೀನ್‌ಲೀಯವರನ್ನು ೧೯೫೩ರಲ್ಲಿ ಒಮ್ಮೆ, ೧೯೫೫ರಲ್ಲಿ ಮತ್ತೊಮ್ಮೆ ಕಂಡರು. ಗ್ರಂಥಕ್ಕೆ ಮುನ್ನುಡಿ ಬರೆದವರು ಸಮಾಜನೀತಿಯ ಪ್ರಸಿದ್ಧ ವಿದ್ವಾಂಸರಾದ ರಿಚರ್ಡ್ ಟಿಟ್‌ಮಸ್ ಅವರು.

ಕೈಗಾರಿಕೆಯ ನಾಗರಿಕತೆಯಲ್ಲಿ ಬಂಧುತ್ವವು ಕಳಚಿಬಿದ್ದು ಗಂಡ, ಹೆಂಡತಿ, ಮಕ್ಕಳು ಇಷ್ಟೇ ಉಳಿಯುತ್ತಾರೆಂಬುದು ಆ ಕಾಲದ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿದ್ದ ಮಾತು. ಬೆತ್ನಲ್ ಗ್ರೀನಿನಲ್ಲಿ ಕಂಡುದು ಇದಕ್ಕೆ ವಿರುದ್ಧವಾಗಿದ್ದಿತು. ಅಲ್ಲಿ ಸಂಸಾರಗಳ ಸೂತ್ರವು ತಾಯಿಯ ಕೈಯಲ್ಲಿತ್ತು. ಮದುವೆಯಾದ ಮಗಳು ತಾಯಿಯ ಮನೆಯಿಂದ ಕೂಗಳತೆಯಲ್ಲಿಯೇ ಮನೆ ಮಾಡುವಳು. ದಿನಕ್ಕೊಮ್ಮೆಯಾದರೂ ಹೋಗಿ ಬರುವಳು. ಹೆರಿಗೆ, ಕಾಯಿಲೆ, ಮಕ್ಕಳ ಪಾಲನೆ, ಕೈಸಾಲ ಎಲ್ಲಕ್ಕೂ ತಾಯಿಯೇ ದಿಕ್ಕು. ನಮ್ಮ ಓದುಗರು ಇದನ್ನು ತವರುಮನೆಯೆಂಬ ಪದದ ಮೂಲಕ ಬೇಗನೆ ಗ್ರಹಿಸಬಹುದು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ನಮ್ಮ ಹೆಣ್ಣುಮಗಳು ತವರನ್ನು ಬಿಟ್ಟುಹೋಗಿ ಹಬ್ಬಹುಣ್ಣಿಮೆಗೆ ಹಿಂದಿರುಗುವಳು. ಬೆತ್ನಲ್ ಗ್ರೀನಿನ ಮಗಳು ತವರಿನ ನೆರಳಿನಲ್ಲಿಯೇ ಬಾಳುವಳು. ಅಳಿಯನಾದವನು ಈ ಬಳಗಕ್ಕೆ ಸೇರಿಕೊಳ್ಳಬೇಕು.

ವಸತಿಯ ಇತಿಹಾಸಕ್ಕೆ ಇದರಿಂದ ದೊರೆಯುವ ಅತ್ಯಂತ ಬೆಲೆಬಾಳುವ ಸಂಗತಿಯೆಂದರೆ ಮನೆ ಸಿಗುವ ಬಗೆ. ಖಾಸಗಿ ಮಾಲೀಕರ ಕಾಲದಲ್ಲಿ ಬೀದಿಯಲ್ಲೊಂದು ಮನೆ ತೆರವಾಗುವ ಸುಳಿವು ಸಿಕ್ಕೊಡನೆಯೇ ತಾಯಿಯು ಬಾಡಿಗೆ ವಸೂಲಿಗೆ ಬರುವವನೊಡನೆ ಮಗಳ ಪರವಾಗಿ ಒಂದು ಮಾತು ಹಾಕುವಳು. ಹಲವು ವರ್ಷ ತಪ್ಪದೆ ಬಾಡಿಗೆ ಕೊಟ್ಟ ಆಕೆಯ ಮಾತೇ ಜಾಮೀನು. ಕೌನ್ಸಿಲು ಮನೆಗಳ ಒಡೆಯನಾದಾಗ ಈ ಮಾತಿಗೆ ಬೆಲೆಯಿಲ್ಲವಾಯಿತು. ಅರ್ಜಿಯ ನಮೂನೆ, ಇಕ್ಕಟ್ಟಿನ ಅಂಕಗಳು, ಕಾಯುವ ಪಟ್ಟಿ, ಇವು ತಾಯಿಯ ಸ್ಥಾನಕ್ಕೆ ಬಂದವು.

ಗ್ರೀನ್‌ಲೀಯಲ್ಲಿ ಮನೆಗಳಿಗೆ ತೋಟವಿತ್ತು, ಸ್ನಾನದ ಕೋಣೆಯಿತ್ತು, ಗಾಳಿಬೆಳಕು ಧಾರಾಳವಾಗಿತ್ತು. ಆದರೆ ಬಂಧುಗಳು ಇರಲಿಲ್ಲ. ಹೋಗಿ ಬರುವ ಖರ್ಚು ಹೆಚ್ಚು, ಬಾಡಿಗೆ ಹೆಚ್ಚು, ಅಂಗಡಿಗಳು ವಿರಳ. ಬೆತ್ನಲ್ ಗ್ರೀನಿನಲ್ಲಿದ್ದಾಗ ಹೆಂಡತಿಯರು ವಾರಕ್ಕೆ ಸರಾಸರಿ ೧೭.೨ ಸಲ ತಂದೆತಾಯಿ, ಒಡಹುಟ್ಟಿದವರು, ಅತ್ತೆಮಾವ ಮುಂತಾದ ಹತ್ತಿರದ ಬಂಧುಗಳನ್ನು ಕಾಣುತ್ತಿದ್ದರು. ಗ್ರೀನ್‌ಲೀಗೆ ಹೋದ ಮೇಲೆ ೧೯೫೩ರಲ್ಲಿ ಈ ಸಂಖ್ಯೆ ೩.೦ಕ್ಕೆ ಇಳಿಯಿತು, ೧೯೫೫ರಲ್ಲಿ ೨.೪ಕ್ಕೆ ಇಳಿಯಿತು. ಗಂಡಂದಿರಿಗೆ ಪೂರ್ವ ಲಂಡನ್ನಿನ ಕೆಲಸದ ನೆಪವಾದರೂ ಇತ್ತು. ಮನೆಯಲ್ಲಿ ಉಳಿದ ಹೆಂಗಸಿಗೆ ಅದೂ ಇರಲಿಲ್ಲ. ಮನೆಯ ಗುಣವು ಏರಿದಷ್ಟೂ ಬಳಗದ ಆಸರೆ ಕುಸಿಯಿತೆಂದು ಈ ಅಂಕಿಗಳು ಹೇಳುತ್ತವೆ. ಸರಕಾರವು ಒದಗಿಸುವ ಯಾವ ಸಹಾಯಕ್ಕಿಂತಲೂ ಹೆಚ್ಚಿನದಾದ, ವೆಚ್ಚವಿಲ್ಲದ, ಲೆಕ್ಕಪತ್ರಗಳಲ್ಲಿ ಕಾಣದ ಒಂದು ಸಹಾಯ ವ್ಯವಸ್ಥೆಯು ಬಡವರ ಬೀದಿಗಳಲ್ಲಿ ಆಗಲೇ ಇದ್ದಿತೆಂಬುದನ್ನೂ, ಕೆಡವುವವರು ಇಟ್ಟಿಗೆಗಳೊಡನೆ ಅದನ್ನೂ ಕೆಡವುತ್ತಿದ್ದರೆಂಬುದನ್ನೂ ತೋರಿಸಿಕೊಟ್ಟುದೇ ಈ ಗ್ರಂಥದ ದೊಡ್ಡ ಸಾಧನೆ. ಹಳೆಯ ಮನೆಗಳಲ್ಲಿ ದುರಸ್ತಿಗೆ ಯೋಗ್ಯವಾದುವನ್ನು ಉಳಿಸಿ ದುರಸ್ತಿ ಮಾಡಬೇಕು. ಸ್ಥಳಾಂತರವು ಅನಿವಾರ್ಯವಾದರೆ ಬೀದಿಗಳನ್ನೂ ಬಳಗಗಳನ್ನೂ ಒಡೆಯದೆ ಒಟ್ಟಾಗಿ ಸಾಗಿಸಬೇಕು ಎಂಬುದು ಗ್ರಂಥಕರ್ತರ ಸಲಹೆ. ೧೯೬೯ರ ವಸತಿ ಶಾಸನವು ಇಡೀ ಪ್ರದೇಶಗಳನ್ನು ಕೆಡವುವುದರ ಬದಲು ಸುಧಾರಿಸುವುದಕ್ಕೆ ಅವಕಾಶ ಮಾಡಿಕೊಟ್ಟಾಗ ಇಂಥ ವಾದಗಳಿಗೆ ತಡವಾಗಿಯಾದರೂ ಮನ್ನಣೆ ದೊರೆಯಿತೆನ್ನಬಹುದು.

೩

ಇಷ್ಟು ಗುಣಗಳನ್ನು ಒಪ್ಪಿದ ಮೇಲೂ ಗ್ರಂಥದ ದೋಷಗಳನ್ನು ಹೇಳಬೇಕಾದುದು ವಿಮರ್ಶೆಯ ಧರ್ಮ. ಮೊದಲನೆಯದು ಪ್ರಮಾಣದ ಪ್ರಶ್ನೆ. ಅತ್ಯಂತ ಪ್ರಸಿದ್ಧವಾದ ತೀರ್ಮಾನಗಳು ನಿಂತಿರುವುದು ನೂರಕ್ಕೂ ಕಡಮೆ ದಂಪತಿಗಳ ಮಾತಿನ ಮೇಲೆ. ಅವರೂ ಎಳೆಯ ಮಕ್ಕಳಿದ್ದ ಕುಟುಂಬದವರು. ತಾಯಿಯ ಆಸರೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಈ ವಯಸ್ಸಿನಲ್ಲಿಯೇ. ಅಲ್ಲದೆ ಗ್ರೀನ್‌ಲೀಯವರನ್ನು ಮೊದಲು ಸಂದರ್ಶಿಸಿದುದು ಅವರು ಅಲ್ಲಿಗೆ ಹೋದ ಮೇಲೆ. ಆದುದರಿಂದ ಬೆತ್ನಲ್ ಗ್ರೀನಿನಲ್ಲಿದ್ದಾಗಿನ ಲೆಕ್ಕವು ನೆನಪಿನಿಂದ ಹೇಳಿದ ಲೆಕ್ಕ. ದೂರ ಹೋದವರ ನೆನಪಿನಲ್ಲಿ ಊರು ಹೆಚ್ಚು ಮಧುರವಾಗುವುದು ಲೋಕದ ಅನುಭವ. ಜೆನಿಫರ್ ಪ್ಲಾಟ್ ಅವರು ೧೯೭೧ರಲ್ಲಿಯೇ ಈ ಸಂಸ್ಥೆಯ ಸಂಶೋಧನೆಗಳ ವಿಧಾನವನ್ನು ಒಂದು ಪುಸ್ತಕದಲ್ಲಿ ಕಟುವಾಗಿ ಪರಾಮರ್ಶಿಸಿದ್ದಾರೆ.

ಎರಡನೆಯ ದೋಷವು ಇನ್ನೂ ಗಂಭೀರವಾದುದು. ಗ್ರಂಥಕರ್ತರು ತಾವು ಕೇಳಬಯಸಿದ ದನಿಯನ್ನು ಹೆಚ್ಚು ಸ್ಪಷ್ಟವಾಗಿ ಕೇಳಿದ್ದಾರೆ. ಇತಿಹಾಸಕಾರರಾದ ಜಾನ್ ಲಾರೆನ್ಸ್ ಅವರು ಯಂಗ್ ಅವರ ಕಾಗದಪತ್ರಗಳಲ್ಲಿ ಉಳಿದುಬಂದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಮತ್ತೆ ಓದಿ, ೨೦೧೬ರ ಒಂದು ಲೇಖನದಲ್ಲಿಯೂ ೨೦೧೯ರ 'ಮಿ, ಮಿ, ಮಿ?' ಎಂಬ ಗ್ರಂಥದಲ್ಲಿಯೂ ಬೇರೊಂದು ಚಿತ್ರವನ್ನು ಮುಂದಿಟ್ಟಿದ್ದಾರೆ. ಬೆತ್ನಲ್ ಗ್ರೀನಿನಿಂದ ಹೊರಗೆ ಹೋಗಲು ಹಾತೊರೆಯುತ್ತಿದ್ದವರೂ, ನೆರೆಹೊರೆಯವರ ಕಣ್ಣುಕಿವಿಗಳಿಂದ ಬೇಸತ್ತವರೂ, ಬಂಧುಗಳೊಡನೆ ಮುನಿಸಿಕೊಂಡವರೂ ಆ ಟಿಪ್ಪಣಿಗಳಲ್ಲಿ ಇದ್ದಾರೆ. ಮುದ್ರಿತ ಗ್ರಂಥದಲ್ಲಿ ಅವರ ದನಿ ಕ್ಷೀಣವಾಗಿದೆ. ಗ್ರೀನ್‌ಲೀಗೆ ಹೋದವರು ಬಲಾತ್ಕಾರದಿಂದಲೇ ಹೋದವರಲ್ಲ. ತೋಟವಿರುವ ಮನೆ, ಮಕ್ಕಳಿಗೆ ಒಳ್ಳೆಯ ಗಾಳಿ ಎಂಬ ಆಸೆಯಿಂದ ಹೋದವರೂ ಅವರಲ್ಲಿದ್ದರೆಂದು ಗ್ರಂಥವೇ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡ ಮಾತಿಗೆ ಸಲ್ಲಬೇಕಾದ ತೂಕವನ್ನು ಮಾತ್ರ ಕೊಡುವುದಿಲ್ಲ. ಮಹಡಿಯ ಎರಡು ಕೋಣೆಗಳಲ್ಲಿ ಮಕ್ಕಳೊಡನೆ ಇದ್ದು, ಅಂಗಳದ ಶೌಚಗೃಹವನ್ನು ಇತರರೊಡನೆ ಹಂಚಿಕೊಳ್ಳಬೇಕಾದ ಹೆಂಗಸಿಗೆ ಸ್ವಂತ ಬಾಗಿಲು ಎಂಬುದು ಸಾಮಾನ್ಯವಾದ ಸುಖವಲ್ಲ. ಬಡತನದ ಬಾಂಧವ್ಯವನ್ನು ಹೊಗಳುವವನು ಆ ಬಡತನದಲ್ಲಿ ಇರಬೇಕಾದವನಲ್ಲದಿದ್ದಾಗ ಹೊಗಳಿಕೆಯನ್ನು ಎರಡು ಸಲ ತೂಗಿ ನೋಡಬೇಕು.

ಮೂರನೆಯದು ಇತಿಹಾಸಕಾರನು ಎತ್ತಬೇಕಾದ ಆಕ್ಷೇಪಣೆ. ೧೯೫೦ರ ದಶಕದಲ್ಲಿ ಕಂಡ ಒಂದು ಸ್ಥಿತಿಯನ್ನು ಗ್ರಂಥಕರ್ತರು ಅನಾದಿಯಾದ ಸಂಪ್ರದಾಯವೆಂಬಂತೆ ವರ್ಣಿಸುತ್ತಾರೆ. ಆದರೆ ಅದೇ ಬೆತ್ನಲ್ ಗ್ರೀನಿನಲ್ಲಿ ಅರವತ್ತು ವರ್ಷಗಳ ಹಿಂದೆ ಐದು ಸಾವಿರ ಮಂದಿಯ ಒಂದು ಕೇರಿ ಚದುರಿಹೋಗಿತ್ತು. ಹ್ಯೂಗೆನಾಟರು, ಐರಿಷರು, ಯಹೂದ್ಯರು ಒಬ್ಬರ ಹಿಂದೊಬ್ಬರು ಈ ಸುತ್ತಿಗೆ ಬಂದು ನೆಲೆಸಿದ್ದರು. ಜನಸಂಖ್ಯೆಯು ಅರ್ಧಕ್ಕಿಂತ ಕೆಳಗೆ ಇಳಿದು, ವಲಸೆ ಬರುವವರ ಪ್ರವಾಹ ತಗ್ಗಿ, ಬಾಡಿಗೆಗಳು ಶಾಸನದಿಂದ ನಿಯಂತ್ರಿತವಾಗಿದ್ದ ಒಂದು ವಿಶೇಷ ಕಾಲದಲ್ಲಿ ತಾಯಿ ಮಗಳು ಒಂದೇ ಬೀದಿಯಲ್ಲಿ ನೆಲೆಯೂರಲು ಸಾಧ್ಯವಾಯಿತೆಂಬುದನ್ನು ಗ್ರಂಥವು ವಿಚಾರಿಸಿ ನೋಡಲಿಲ್ಲ. ಬೇರು ಆಳವಾಗಿದೆಯೆಂದು ತೋರಿದ ಮರವು ಒಂದೆರಡು ತಲೆಮಾರಿನ ಹಿಂದೆ ನೆಟ್ಟುದಾಗಿದ್ದಿತು.

೪

ಈ ಮೂರನೆಯ ದೋಷವು ಬರಿಯ ಪಾಂಡಿತ್ಯದ ಮಾತಲ್ಲ. ಅದರ ಫಲವನ್ನು ಮುಂದೆ ಬಡಜನರೇ ಉಣ್ಣಬೇಕಾಯಿತು. ೧೯೬೫ರಲ್ಲಿ ಬೆತ್ನಲ್ ಗ್ರೀನ್, ಸ್ಟೆಪ್ನಿ, ಪಾಪ್ಲರ್ ಮೂರನ್ನೂ ಸೇರಿಸಿ ಟವರ್ ಹ್ಯಾಮ್ಲೆಟ್ಸ್ ಎಂಬ ಆಡಳಿತ ವಿಭಾಗವನ್ನು ರಚಿಸಲಾಯಿತು. ಹಡಗುಕಟ್ಟೆಗಳು ಮುಚ್ಚುತ್ತಿದ್ದವು, ಕೆಲಸಗಳು ಹೊರಟುಹೋಗುತ್ತಿದ್ದವು. ಇದೇ ಕಾಲದಲ್ಲಿ ಸಿಲ್ಹೆಟ್ ಪ್ರಾಂತದಿಂದ ಬಂದು ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಬಂಗಾಳಿಗಳು ತಮ್ಮ ಹೆಂಡಿರು ಮಕ್ಕಳನ್ನು ಕರೆಸಿಕೊಳ್ಳತೊಡಗಿದರು. ಸಾರ್ವಜನಿಕ ವಸತಿಗಳು ಅವರಿಗೆ ಸುಲಭವಾಗಿ ಸಿಗಲಿಲ್ಲ. ಕೆಡವುವುದಕ್ಕಾಗಿ ತೆರವು ಮಾಡಿದ ಮನೆಗಳಲ್ಲಿ ಅನೇಕ ಕುಟುಂಬಗಳು ಅನುಮತಿಯಿಲ್ಲದೆ ಹೊಕ್ಕು ನೆಲೆಸಿದವು. ೧೯೭೬ರಲ್ಲಿ ಬಂಗಾಳಿ ವಸತಿ ಹೋರಾಟದ ಸಂಘವೊಂದು ಏರ್ಪಟ್ಟಿತು. ಬಂಗಾಳಿಗಳಿಗಾಗಿಯೇ ಕೆಲವು ಕಟ್ಟಡಗಳನ್ನು ಪ್ರತ್ಯೇಕಿಸಿಡಬೇಕೆಂಬ ಸಲಹೆ ೧೯೭೮ರಲ್ಲಿ ನಗರಾಡಳಿತದಿಂದ ಬಂದಾಗ ತೀವ್ರವಾದ ವಿರೋಧ ಎದ್ದು ಅದು ಬಿದ್ದುಹೋಯಿತು.

೧೯೭೭ರ ಶಾಸನವು ಮನೆಯಿಲ್ಲದ ಕುಟುಂಬಗಳಿಗೆ ವಸತಿ ಕಲ್ಪಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ಅಗತ್ಯವು ಹೆಚ್ಚಾಗಿರುವವರಿಗೆ ಮೊದಲು ಎಂಬುದು ಇದರ ತತ್ತ್ವ. ೧೯೮೬ರಿಂದ ೧೯೯೪ರ ವರೆಗೆ ಟವರ್ ಹ್ಯಾಮ್ಲೆಟ್ಸಿನಲ್ಲಿ ಅಧಿಕಾರದಲ್ಲಿದ್ದ ಲಿಬರಲ್ ಪಕ್ಷದವರು, ಮುಂದೆ ಲಿಬರಲ್ ಡೆಮೊಕ್ರಾಟರೆಂದು ಹೆಸರಾದವರು, ಇದಕ್ಕೆ ಪ್ರತಿಯಾಗಿ ಹಳೆಯ ನಿವಾಸಿಗಳ ಗಂಡುಹೆಣ್ಣು ಮಕ್ಕಳಿಗೆ ಆದ್ಯತೆ ಕೊಡುವ ಯೋಜನೆಯನ್ನು ತಂದರು. ಹೆಸರೇ 'ಸನ್ಸ್ ಅಂಡ್ ಡಾಟರ್ಸ್'. ಬಂಧುಗಳನ್ನು ಒಂದೆಡೆ ಇಡಬೇಕೆಂಬ ಯಂಗ್ ಮತ್ತು ವಿಲ್‌ಮಾಟ್ ಅವರ ಸಲಹೆಯನ್ನು ಹೋಲುವ ಮಾತು ಇಲ್ಲಿ ಆಡಳಿತದ ನಿಯಮವಾಯಿತು. ಆದರೆ ಯಾರ ತಂದೆತಾಯಿಗಳು ಆ ಸ್ಥಳದಲ್ಲಿ ಹಳಬರೋ ಅವರಿಗೆ ಮಾತ್ರ ಇದರಿಂದ ಪ್ರಯೋಜನ. ಯಾರ ತಾಯಿಯು ಸಿಲ್ಹೆಟ್ಟಿನಲ್ಲಿ ಉಳಿದಿದ್ದಳೋ ಅವರ ಪರವಾಗಿ ಮಾತು ಹಾಕುವವರು ಇರಲಿಲ್ಲ. ಜನಾಂಗ ಸಮತೆಯ ಆಯೋಗವು ೧೯೮೮ರ ತನ್ನ ವರದಿಯಲ್ಲಿ ಟವರ್ ಹ್ಯಾಮ್ಲೆಟ್ಸಿನ ವಸತಿ ಹಂಚಿಕೆಯಲ್ಲಿನ ತಾರತಮ್ಯವನ್ನು ವಿಚಾರಿಸಿತು. ೧೯೯೩ರ ಸೆಪ್ಟೆಂಬರಿನಲ್ಲಿ ಅದೇ ವಿಭಾಗದ ಮಿಲ್‌ವಾಲ್ ವಾರ್ಡಿನಲ್ಲಿ, ವಸತಿಯ ಕೊರತೆಯನ್ನೇ ಮುಂದಿಟ್ಟುಕೊಂಡು, ವರ್ಣದ್ವೇಷದ ಪಕ್ಷವೊಂದರ ಅಭ್ಯರ್ಥಿಯು ಉಪಚುನಾವಣೆಯಲ್ಲಿ ಗೆದ್ದನು, ಮರುವರ್ಷ ಸೋತನು.

ವಿಲ್‌ಮಾಟ್ ೨೦೦೦ರಲ್ಲಿಯೂ ಯಂಗ್ ೨೦೦೨ರಲ್ಲಿಯೂ ತೀರಿಕೊಂಡರು. ಜೆಫ್ ಡೆಂಚ್ ಮತ್ತು ಕೇಟ್ ಗ್ಯಾವ್ರನ್ ಅವರೊಡನೆ ಯಂಗ್ ಅವರು ಕೈಗೊಂಡಿದ್ದ 'ದಿ ನ್ಯೂ ಈಸ್ಟ್ ಎಂಡ್' ಎಂಬ ಗ್ರಂಥವು ೨೦೦೬ರಲ್ಲಿ ಹೊರಬಂದಿತು. ಅಗತ್ಯವೊಂದನ್ನೇ ನೋಡಿ ಮನೆ ಹಂಚಿದುದರಿಂದ ಹಳಬರ ಬಂಧುತ್ವವು ಮುರಿದು ದ್ವೇಷವು ಬೆಳೆಯಿತೆಂಬುದು ಅದರ ವಾದ. ಹಳಬರ ಅಳಲು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಮನೆಗಳು ಸಾಲದಾದುದಕ್ಕೆ ಕಾರಣರಾದವರು ಬಂಗಾಳಿಗಳೇ? ೧೯೮೦ರ ಶಾಸನವು ಬಾಡಿಗೆದಾರರಿಗೆ ಸಾರ್ವಜನಿಕ ಮನೆಗಳನ್ನು ಅಗ್ಗವಾಗಿ ಕೊಳ್ಳುವ ಹಕ್ಕನ್ನು ಕೊಟ್ಟು, ಮಾರಿದಷ್ಟನ್ನು ಮತ್ತೆ ಕಟ್ಟಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶವನ್ನು ಕೊಡಲಿಲ್ಲ. ಬೆತ್ನಲ್ ಗ್ರೀನಿನ ಕೀಲಿಂಗ್ ಹೌಸ್ ಎಂಬ ಎತ್ತರದ ಕಟ್ಟಡದ ಕಥೆಯನ್ನೇ ನೋಡಬಹುದು. ೧೯೫೦ರ ದಶಕದ ಕೊನೆಯಲ್ಲಿ ಡೆನಿಸ್ ಲಾಸ್ಡನ್ ಎಂಬ ವಾಸ್ತುಶಿಲ್ಪಿಯು, ನೆಲದ ಮೇಲಿನ ಬೀದಿಯ ಒಡನಾಟವನ್ನು ಮೇಲ್ಮುಖವಾಗಿ ನಿಲ್ಲಿಸಬೇಕೆಂಬ ಆಸೆಯಿಂದ, ಕೌನ್ಸಿಲಿನ ಬಾಡಿಗೆದಾರರಿಗಾಗಿ ಇದನ್ನು ರಚಿಸಿದನು. ಮುಂದೆ ಅದು ಶಿಥಿಲವಾಯಿತು. ೧೯೯೩ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿತವಾಯಿತು. ದಶಕದ ಕೊನೆಗೆ ಖಾಸಗಿಯವರಿಗೆ ಮಾರಾಟವಾಗಿ ಸಿರಿವಂತರ ವಸತಿಯಾಯಿತು. ಕಟ್ಟಡವು ಉಳಿಯಿತು. ಯಾರಿಗಾಗಿ ಕಟ್ಟಿದ್ದರೋ ಅವರು ಉಳಿಯಲಿಲ್ಲ. ಹಳಬರೂ ಹೊಸಬರೂ ಒಂದು ಹಿಡಿ ಮನೆಗಳಿಗಾಗಿ ಹೋರಾಡುತ್ತಿದ್ದಾಗ ಮನೆಗಳ ರಾಶಿಯೇ ಕರಗುತ್ತಿದ್ದಿತೆಂಬುದಕ್ಕೆ ೨೦೦೬ರ ಗ್ರಂಥವು ಸಾಕಷ್ಟು ಗಮನ ಕೊಡಲಿಲ್ಲವೆಂಬುದು ನಮ್ಮ ಅಭಿಪ್ರಾಯ.

೫

ಹಾಗಾದರೆ ಹಾಳಾದ ಕೇರಿಯ ಪುನರ್ನಿರ್ಮಾಣವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ೧೯೦೦ರ ಸುಧಾರಕರು ಮನೆಗಳನ್ನು ಎಣಿಸಿದರು, ಜನರನ್ನು ಮರೆತರು. ೧೯೫೭ರ ಗ್ರಂಥಕರ್ತರು ಜನರನ್ನು ನೆನೆದರು. ಆದರೆ ಜನರೆಂದರೆ ಅಲ್ಲಿ ಬೇರೂರಿದ ಬಳಗಗಳೆಂದು ತಿಳಿದರು. ೧೯೮೦ರ ದಶಕದ ಆಡಳಿತವು ಆ ಬಳಗವನ್ನೇ ಬೇಲಿಯನ್ನಾಗಿ ಮಾಡಿತು. ಈ ಮೂರರಿಂದಲೂ ನಾವು ಕಲಿಯಬೇಕಾದುದು ಇಷ್ಟು: ಹಕ್ಕು ಹುಟ್ಟುವುದು ವಂಶದಿಂದಲ್ಲ, ವಾಸದಿಂದ. ಕೆಡವುವ ದಿನ ಆ ಮನೆಯಲ್ಲಿ ಒಲೆ ಹಚ್ಚಿದವನು ಯಾರೋ, ಅವನು ನಿನ್ನೆ ಬಂದವನಾದರೂ ಅಜ್ಜನ ಕಾಲದವನಾದರೂ, ಹಿಂದಿರುಗುವ ಹಕ್ಕುಳ್ಳವನು. ಹೊರಗೆ ಹೋಗಬಯಸುವವನಿಗೆ ಹೋಗುವ ಸ್ವಾತಂತ್ರ್ಯವಿರಬೇಕು, ಉಳಿಯಬಯಸುವವನಿಗೆ ಉಳಿಯುವ ಸ್ವಾತಂತ್ರ್ಯವಿರಬೇಕು. ಎರಡರಲ್ಲಿ ಯಾವುದೆಂಬುದನ್ನು ಹೇಳತಕ್ಕವನು ಅವನೇ.

ಈ ವಿಚಾರವು ಇಂಗ್ಲೆಂಡಿನಲ್ಲಿ ಸ್ವಲ್ಪಮಟ್ಟಿಗೆ ಬೇರೂರಿದೆ. ೨೦೦೬ರಲ್ಲಿ ಬೌಂಡರಿ ಎಸ್ಟೇಟನ್ನು ಸ್ಥಳೀಯ ಆಡಳಿತದ ಕೈಯಿಂದ ಬೇರೊಂದು ವಸತಿ ಸಂಸ್ಥೆಗೆ ವರ್ಗಾಯಿಸುವ ಪ್ರಸ್ತಾಪ ಬಂದಾಗ ಅಲ್ಲಿಯ ಬಾಡಿಗೆದಾರರು ಮತದಾನದಲ್ಲಿ ಅದನ್ನು ನಿರಾಕರಿಸಿದರು. ಓಲ್ಡ್ ನಿಕಲಿನ ೫,೭೧೯ ಮಂದಿಯನ್ನು ಯಾರೂ ಹೀಗೆ ಕೇಳಿರಲಿಲ್ಲ. ೨೦೧೮ರ ಜುಲೈಯಿಂದ ಲಂಡನ್ನಿನ ಮೇಯರು ಒಂದು ನಿಯಮವನ್ನು ತಂದಿದ್ದಾರೆ: ಸಾರ್ವಜನಿಕ ವಸತಿಗಳನ್ನು ಕೆಡವಿ ಕಟ್ಟುವ ದೊಡ್ಡ ಯೋಜನೆಗಳಿಗೆ ಮೇಯರರ ಧನಸಹಾಯ ಬೇಕಾದರೆ ನಿವಾಸಿಗಳ ಮತದಾನದಲ್ಲಿ ಬಹುಮತ ದೊರೆಯಬೇಕು. ಮತದಾನವು ಸರ್ವರೋಗಕ್ಕೂ ಮದ್ದಲ್ಲ. ಮುಂದಿಟ್ಟ ಯೋಜನೆಯನ್ನು ಒಪ್ಪು ಅಥವಾ ಬಿಡು ಎನ್ನುವುದಕ್ಕೂ, ಯೋಜನೆಯನ್ನು ಒಟ್ಟಿಗೆ ಕುಳಿತು ರಚಿಸುವುದಕ್ಕೂ ಬಹಳ ಅಂತರವಿದೆ. ಆದರೂ ಕೇಳದೆ ಕೆಡವುವುದಕ್ಕಿಂತ ಕೇಳಿ ಕೆಡವುವುದು ಒಂದು ಹೆಜ್ಜೆ ಮುಂದೆ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದ ಮಾತು. ಈ ಕಥೆ ದೂರದ ಲಂಡನ್ನಿನದೆಂದು ಪಕ್ಕಕ್ಕಿಡುವಂತಿಲ್ಲ. ಬ್ರಿಟಿಷ್ ನಗರಗಳಲ್ಲಿ ಬೆಳೆದ ಈ ಸುಧಾರಣೆಯ ಕಲ್ಪನೆಯೇ ಇಂಪ್ರೂವ್‌ಮೆಂಟ್ ಟ್ರಸ್ಟುಗಳ ರೂಪದಲ್ಲಿ ಭಾರತಕ್ಕೆ ಬಂದಿತು. ಪ್ಲೇಗಿನ ಹಾವಳಿಯ ಬಳಿಕ ೧೮೯೮ರಲ್ಲಿ ಮುಂಬಯಿಯಲ್ಲಿಯೂ ೧೯೦೩ರಲ್ಲಿ ಮೈಸೂರಿನಲ್ಲಿಯೂ ಇಂಥ ಸಂಸ್ಥೆಗಳು ಸ್ಥಾಪಿತವಾದವು. ಅದೇ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಆ ಬಡಾವಣೆಗಳ ಅಗಲವಾದ ಬೀದಿಗಳನ್ನೂ ಮರಗಳ ಸಾಲನ್ನೂ ವರ್ಣಿಸಿದ ಬರವಣಿಗೆ ನಮ್ಮಲ್ಲಿ ಸಾಕಷ್ಟಿದೆ. ಪೇಟೆಯ ಇಕ್ಕಟ್ಟಾದ ಸಂದಿಗಳಿಂದ ಎದ್ದುಹೋದವರು ಯಾರು, ಹೊಸ ನಿವೇಶನ ಕೊಂಡವರು ಯಾರು, ಈ ಎರಡು ಪಟ್ಟಿಗಳಲ್ಲಿ ಎಷ್ಟು ಹೆಸರುಗಳು ಒಂದೇ ಆಗಿವೆ ಎಂಬುದನ್ನು ಪುರಸಭೆಯ ಕಡತಗಳನ್ನು ಮುಂದಿಟ್ಟುಕೊಂಡು ಹೋಲಿಸಿ ನೋಡುವುದು ಯಾವ ಎಂ.ಎ. ವಿದ್ಯಾರ್ಥಿಗಾದರೂ ಒಳ್ಳೆಯ ಪ್ರಬಂಧದ ವಿಷಯವಾದೀತು. ಇಂದು ಕಟ್ಟುವವರಿಗೂ ಅದರಿಂದ ಪಾಠ ದೊರೆತೀತು. ೫,೭೧೯ ಮತ್ತು ಹನ್ನೊಂದು ಎಂಬ ಜೋಡಿಯನ್ನು ಲಂಡನ್ನಿನವರು ತಮ್ಮ ದಾಖಲೆಗಳಿಂದ ಹೊರತೆಗೆದು ತಮ್ಮೆದುರಿಗೆ ತಾವೇ ಇಟ್ಟುಕೊಂಡಿದ್ದಾರೆ. ನಮ್ಮ ಊರುಗಳ ಜೋಡಿಸಂಖ್ಯೆಗಳನ್ನು ಹೊರತೆಗೆಯುವ ಕೆಲಸವು ನಮ್ಮದು.